ಕೊಯ್ಲು ಮಷೀನ್ ನಮ್ಮ ಹೊಲ ಬಿಟ್ಟು 42 ಕಿಲೋಮೀಟರ್ ಆಚೆ ಹೋಗಿ ನಿಂತಿತು. ಈ ಡಿಗ್ರಿ, ನಿಮಿಷದ ಲೆಕ್ಕ ಯಾರಾದರೂ ಬಿಡಿಸಿ ಹೇಳಿ

ಟೇಲೆಂಡ್ ರೈತ, ಮಾನ್ವಿ
ಎಲ್ಲರಿಗೂ ನಮಸ್ಕಾರ. ಹೋದ ವಾರದ ಸಂಗತಿ. ನಾಲ್ಕು ಎಕರೆ ನೆಲ್ಲು ಕೊಯ್ಲಿಗೆ ಬಂದಿತ್ತು, ಸೋನಾ ಮಸೂರಿ. ಮೋಡ ಕಟ್ಟುತ್ತಿತ್ತು. ತಮಿಳುನಾಡಿನಿಂದ ಬಂದಿದ್ದ ಮಷೀನಿನವರಿಗೆ ಹಿಂದಿನ ರಾತ್ರಿಯೇ ಫೋನ್ ಮಾಡಿದೆ. ನಮ್ಮ ಕಡೆ ಎಲ್ಲಿ ನೋಡಿದರೂ ಕ್ಯಾಂಪ್, ಅಂದರೆ ಸಣ್ಣ ಸಣ್ಣ ಊರುಗಳು. ಒಂದೇ ಹೆಸರಿನವು ಎರಡು ಮೂರು ಇರುತ್ತವೆ. ಕಾಲುವೆ ಒಡ್ಡಿನ ಮೇಲೆ ಬನ್ನಿ ಅಂದರೆ ಯಾವ ಕಾಲುವೆ ಅಂತ ಕೇಳುತ್ತಾರೆ. ಅದಕ್ಕೆ ಮಗಳು ಹೊಲದಲ್ಲೇ ನಿಂತು ತನ್ನ ಫೋನಿನಲ್ಲಿ ದಿಕ್ಸೂಚಿ ಆ್ಯಪ್ ತೆಗೆದಳು. ಕೆಳಗೆ ಬರುವ ನಂಬರ್ ಓದಿ ಹೇಳಪ್ಪ ಅಂದಳು. 15, 56, 40. ಆಮೇಲೆ 77, 06, 30. ಇದ್ದದ್ದನ್ನು ಇದ್ದ ಹಾಗೆ ಓದಿದೆ.

ಬೆಳಿಗ್ಗೆ ಒಂಬತ್ತರಿಂದ ಒಡ್ಡಿನ ಮೇಲೆ ನಿಂತಿದ್ದೆ. ಹನ್ನೊಂದೂವರೆಗೆ ಫೋನ್ ಬಂತು. "ಬಂದಿದ್ದೇವೆ, ಇಲ್ಲಿ ಬರೀ ಹತ್ತಿ ಇದೆ, ನಿಮ್ಮ ನೆಲ್ಲು ಎಲ್ಲಿ?" ವಿಚಾರಿಸಿದರೆ ಅವರು ಹೊಳೆ ದಾಟಿ ಸಿರುಗುಪ್ಪದ ಆಚೆ ನಿಂತಿದ್ದಾರೆ. ಮಷೀನಿನ ಹುಡುಗ ನಾನು ಹೇಳಿದ್ದನ್ನು 15.5640, 77.0630 ಅಂತ ಬರೆದುಕೊಂಡಿದ್ದ, ಡ್ರೈವರ್ ಅದನ್ನೇ ಹೊಡೆದಿದ್ದ. ತಿರುಗಿ ಬರುವ ಹೊತ್ತಿಗೆ ಸಂಜೆ ಐದು. ಮಳೆ ನಾಲ್ಕಕ್ಕೇ ಹೊಡೆದಿತ್ತು. ಎರಡು ಎಕರೆ ಪೂರ್ತಿ ನೆಲಕ್ಕೆ ಒರಗಿತು. ಒರಗಿದ ನೆಲ್ಲನ್ನು ಮಷೀನ್ ಎತ್ತುವುದಿಲ್ಲ, ಅರ್ಧ ತೆನೆ ಮಣ್ಣಿನಲ್ಲೇ ಉಳಿಯಿತು.

ಅವನು ಅಂಕಿ ಒಂದೂ ಬಿಟ್ಟಿಲ್ಲ. ನಾನೂ ತಪ್ಪು ಓದಿಲ್ಲ. ಮತ್ತೆ ಹೀಗೆ ಹೇಗಾಯಿತು? ಮಗಳು ಒಂಬತ್ತನೇ ಕ್ಲಾಸ್. ಇದರಲ್ಲಿ ನಿಮಿಷ ಅಂತ ಬರುತ್ತಲ್ಲ, ಗಡಿಯಾರದ ನಿಮಿಷವೇನಾ ಅಂತ ಕೇಳುತ್ತಿದ್ದಾಳೆ. ನನಗೆ ಉತ್ತರ ಗೊತ್ತಿಲ್ಲ.

ಸಿರುಗುಪ್ಪ ಹುಡುಗ
ಅಣ್ಣ, ವಾಟ್ಸಾಪ್‌ನಲ್ಲಿ ಲೊಕೇಶನ್ ಕಳಿಸಿದ್ದರೆ ಮುಗಿದಿತ್ತಲ್ಲ?

ಟೇಲೆಂಡ್ ರೈತ, ಮಾನ್ವಿ
ಹೊಲದಲ್ಲಿ ನೆಟ್ ಬರುವುದಿಲ್ಲ ತಮ್ಮ. ಮಾತಿಗೂ ಒಡ್ಡು ಏರಿ ಒಂದು ಮೂಲೆಗೆ ಹೋಗಿ ನಿಲ್ಲಬೇಕು. ಆ ಹುಡುಗನ ಹತ್ತಿರ ಅವತ್ತು ಇದ್ದದ್ದು ಬಟನ್ ಫೋನ್. ಚೀಟಿಯಲ್ಲಿ ಬರೆದುಕೊಂಡು ಡ್ರೈವರಿಗೆ ಕೊಟ್ಟಿದ್ದಾನೆ.

ಭೂಗೋಳ ಮಾಸ್ತರ್, ಕೊಪ್ಪಳ
ಓದಿ ಹೊಟ್ಟೆ ಉರಿಯಿತು ಅಣ್ಣ. ತಪ್ಪು ಎಲ್ಲಿ ಅಂತ ತೋರಿಸುತ್ತೇನೆ.

ನಿಮ್ಮ ಮಗಳ ಫೋನ್ ತೋರಿಸಿದ್ದು 15 ಡಿಗ್ರಿ, 56 ನಿಮಿಷ, 40 ಸೆಕೆಂಡ್. ಒಂದು ಡಿಗ್ರಿಗೆ 60 ನಿಮಿಷ, ಒಂದು ನಿಮಿಷಕ್ಕೆ 60 ಸೆಕೆಂಡ್. ಹಳೇ ಕಾಲದ ರೂಪಾಯಿ, ಆಣೆ, ಪೈಸೆ ಇದ್ದ ಹಾಗೆ. ಮೂರು ರೂಪಾಯಿ ಎಂಟಾಣೆಯನ್ನು 3.8 ಅಂತ ಬರೆದರೆ ಏನಾಗುತ್ತದೆ? ಎಂಟಾಣೆ ಅಂದರೆ ಅರ್ಧ, ಅದು 3.5 ಆಗಬೇಕು. ಇಲ್ಲೂ ಅದೇ ಆಗಿದೆ. 56 ನಿಮಿಷವನ್ನು 60ರಿಂದ ಭಾಗಿಸಿ: 0.9333. 40 ಸೆಕೆಂಡನ್ನು 3600ರಿಂದ ಭಾಗಿಸಿ: 0.0111. ಎರಡೂ ಕೂಡಿಸಿದರೆ 15.9444. ಅದೇ ರೀತಿ 77 ಡಿಗ್ರಿ 6 ನಿಮಿಷ 30 ಸೆಕೆಂಡ್ ಅಂದರೆ 77.1083. ಡ್ರೈವರ್ ಹೊಡೆಯಬೇಕಿದ್ದದ್ದು ಇದು.

ಅವನು 15.5640 ಹೊಡೆದ. ವ್ಯತ್ಯಾಸ 0.38 ಡಿಗ್ರಿ. ಉತ್ತರ ದಕ್ಷಿಣಕ್ಕೆ ಒಂದು ಡಿಗ್ರಿ ಅಂದರೆ ಸುಮಾರು 111 ಕಿಲೋಮೀಟರ್. ನಿಮ್ಮ 42 ಕಿಲೋಮೀಟರ್ ಅಲ್ಲಿಂದ ಬಂತು.

ಮಗಳಿಗೆ ಹೇಳಿ, ಇದು ಗಡಿಯಾರದ ನಿಮಿಷ ಅಲ್ಲ, ಕೋನದ ನಿಮಿಷ. ಆದರೆ ರೇಖಾಂಶಕ್ಕೂ ಗಡಿಯಾರಕ್ಕೂ ನಂಟು ಇದೆ. ಅದನ್ನು ರಾತ್ರಿ ಬರೆಯುತ್ತೇನೆ, ಈಗ ಕ್ಲಾಸ್ ಇದೆ.

ಡ್ರೋನ್ ಅಕ್ಕ, ಗಂಗಾವತಿ
ನಾನು ಔಷಧಿ ಹೊಡೆಯುವ ಡ್ರೋನ್ ಹಾರಿಸುತ್ತೇನೆ. ದಿನಾ ಇದೇ ಕೆಲಸ. ಒಂದು ಗುರುತು ಹೇಳುತ್ತೇನೆ ಅಣ್ಣ. ಡಿಗ್ರಿ ನಿಮಿಷದ ಲೆಕ್ಕದಲ್ಲಿ ಎರಡನೇ ಮೂರನೇ ಅಂಕಿ ಯಾವತ್ತೂ 59 ದಾಟುವುದಿಲ್ಲ. ಹಾಗಾಗಿ ಚುಕ್ಕೆ ಆದ ಮೇಲೆ 94 ಅಂತ ಕಂಡರೆ ಅದು ಖಂಡಿತ ದಶಮಾಂಶ. 56, 40 ಥರ ಚಿಕ್ಕವು ಕಂಡಾಗಲೇ ಅನುಮಾನ ಪಡಬೇಕು, ಅದು ಎರಡೂ ಇರಬಹುದು. ಮೂರನೇ ಪದ್ಧತಿಯೂ ಇದೆ, 15 ಡಿಗ್ರಿ 56.667 ನಿಮಿಷ ಅಂತ. ಕೆಲವು ಯಂತ್ರಗಳಲ್ಲಿ ಅದೇ ಬರುತ್ತದೆ. ನಾನು ಮೊದಲು ಕೇಳುವುದೇ ಯಾವ ಪದ್ಧತಿ ಅಂತ.

ಇನ್ನೊಂದು. ನೆಟ್ ಇಲ್ಲದಿದ್ದರೂ ಜಿಪಿಎಸ್ ಕೆಲಸ ಮಾಡುತ್ತದೆ. ಅದು ಉಪಗ್ರಹದಿಂದ ಬರುವುದು, ಟವರಿನಿಂದ ಅಲ್ಲ. ನೆಟ್ ಇಲ್ಲದಾಗ ನಕ್ಷೆಯ ಚಿತ್ರ ಬರುವುದಿಲ್ಲ ಅಷ್ಟೇ, ನಂಬರ್ ಬರುತ್ತದೆ. ಮೊದಲ ಸಲ ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತದೆ. ಬೇವಿನ ಮರದ ಕೆಳಗೆ ನಿಲ್ಲಬೇಡಿ, ಬಯಲಿಗೆ ಬನ್ನಿ.

ಕಂಪ್ಲಿ ಕಬ್ಬು
ಅದು ಸರಿ. ನನಗೆ ಯಾವುದು ಅಕ್ಷಾಂಶ, ಯಾವುದು ರೇಖಾಂಶ ಅನ್ನೋದೇ ಪ್ರತಿ ಸಲ ಮರೆತು ಹೋಗುತ್ತದೆ.

ಲಿಂಗಸುಗೂರಿನವಳು, ಈಗ ಬೆಂಗಳೂರು
ಕರ್ನಾಟಕದವರಿಗೆ ಇದು ಸುಲಭ ಅಣ್ಣ. ನಮ್ಮ ರಾಜ್ಯ ಪೂರ್ತಿ 11.5ರಿಂದ 18.5 ಅಕ್ಷಾಂಶದ ಒಳಗೆ, 74ರಿಂದ 78.5 ರೇಖಾಂಶದ ಒಳಗೆ. ಚಿಕ್ಕ ನಂಬರ್ ಅಕ್ಷಾಂಶ, ಅಂದರೆ ಸಮಭಾಜಕದಿಂದ ಎಷ್ಟು ಉತ್ತರಕ್ಕೆ ಅಂತ. ದೊಡ್ಡದು ರೇಖಾಂಶ, ಅಂದರೆ ಸೊನ್ನೆ ಗೆರೆಯಿಂದ ಎಷ್ಟು ಪೂರ್ವಕ್ಕೆ ಅಂತ. ಮಾತಿನಲ್ಲಿ, ಫೋನಿನಲ್ಲಿ ಅಕ್ಷಾಂಶವೇ ಮೊದಲು.

ನಾನು ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ನಮ್ಮಲ್ಲಿ ಜಿಯೋಜೇಸನ್ ಅಂತ ಒಂದು ಫೈಲ್ ಪದ್ಧತಿ ಇದೆ. ಅದರಲ್ಲಿ ಉಲ್ಟಾ, ರೇಖಾಂಶ ಮೊದಲು. ಹೊಸಬರು ಇದರಲ್ಲೇ ಎಡವುತ್ತಾರೆ. ಮಾನ್ವಿಯ ನಂಬರ್ ತಿರುಗಿಸಿ ಹಾಕಿದರೆ ಎಲ್ಲಿ ಹೋಗುತ್ತದೆ ಗೊತ್ತಾ? 77 ಉತ್ತರ, 16 ಪೂರ್ವ. ನಾರ್ವೆಯ ಸ್ವಾಲ್ಬಾರ್ಡ್ ದ್ವೀಪ. ಹಿಮಕರಡಿ ಓಡಾಡುವ ಜಾಗ.

ಸಂಡೂರು ಲಾರಿ
ನಾವು ಅದಿರಿನ ಲಾರಿ ಓಡಿಸುವವರು. ಈ ನಂಬರ್ ಗಿಂಬರ್ ನಂಬುವುದಿಲ್ಲ. ಊರು ಕೇಳಿಕೊಂಡು ಹೋದರೆ ತಪ್ಪುವುದಿಲ್ಲ. ಬೆಟ್ಟದಲ್ಲಿ ದಿಕ್ಸೂಚಿಯೇ ದಿಕ್ಕು ತಪ್ಪುತ್ತದೆ, ಅಷ್ಟು ಕಬ್ಬಿಣ ಇದೆ ನೆಲದಲ್ಲಿ.

ನಿವೃತ್ತ ಸರ್ವೇಯರ್, ಬಳ್ಳಾರಿ
ಸಂಡೂರಿನ ತಮ್ಮ, ಪೂರ್ತಿ ಹಾಗಲ್ಲ. ಅಲ್ಲಿನ ಅದಿರು ಜಾಸ್ತಿ ಹೆಮಟೈಟ್. ಅದು ಮುಳ್ಳನ್ನು ಹೆಚ್ಚು ಎಳೆಯುವುದಿಲ್ಲ. ಎಳೆಯುವುದು ಮ್ಯಾಗ್ನೆಟೈಟ್. ಅದರ ಪಟ್ಟಿ ಕಲ್ಲಿನಲ್ಲಿ ಅಲ್ಲಲ್ಲಿ ಇರುತ್ತದೆ, ಅಲ್ಲಿ ಮುಳ್ಳು ಅಲುಗುವುದು ನಿಜ. ಆದರೆ ನೀನು ಕ್ಯಾಬಿನ್ ಒಳಗೆ ಕೂತು ನೋಡಿದ್ದರೆ ಮುಳ್ಳನ್ನು ಎಳೆದದ್ದು ಲಾರಿಯೇ. ಕೆಳಗಿಳಿದು ಇಪ್ಪತ್ತು ಹೆಜ್ಜೆ ದೂರ ಹೋಗಿ ನೋಡು.

ಮತ್ತೆ ಜಿಪಿಎಸ್‌ಗೂ ದಿಕ್ಸೂಚಿಗೂ ಸಂಬಂಧ ಇಲ್ಲ. ದಿಕ್ಸೂಚಿ ಹೇಳುವುದು ದಿಕ್ಕು. ಜಿಪಿಎಸ್ ಹೇಳುವುದು ಜಾಗ.

ಸಂಡೂರು ಲಾರಿ
ಕ್ಯಾಬಿನ್ ಒಳಗೇ ನೋಡಿದ್ದು ಸರ್. ನಾಳೆ ಇಳಿದು ನೋಡಿ ಹೇಳುತ್ತೇನೆ.

ನಿವೃತ್ತ ಸರ್ವೇಯರ್, ಬಳ್ಳಾರಿ
ಮಾನ್ವಿಯವರಿಗೆ ಒಂದು ಅಳತೆ ಕೊಡುತ್ತೇನೆ. ಸರ್ವೆಯಲ್ಲಿ ನಾವು ಹಿಡಿಯುತ್ತಿದ್ದ ಸರಪಳಿ 33 ಅಡಿ. ಸರಪಳಿ ಉದ್ದ, ಸರಪಳಿ ಅಗಲ ಇದ್ದರೆ ಒಂದು ಗುಂಟೆ. 40 ಗುಂಟೆಗೆ ಎಕರೆ. ಇದು ನಿಮಗೆಲ್ಲ ಗೊತ್ತು. ಈಗ ನೋಡಿ, ಅಕ್ಷಾಂಶದ ಒಂದು ಸೆಕೆಂಡ್ ಅಂದರೆ ನೆಲದ ಮೇಲೆ ಸುಮಾರು 31 ಮೀಟರ್, ಅಂದರೆ ಮೂರು ಸರಪಳಿ. ಒಂದು ನಿಮಿಷ ಅಂದರೆ 1.8 ಕಿಲೋಮೀಟರಿಗೆ ಸ್ವಲ್ಪ ಜಾಸ್ತಿ. ಹಡಗಿನವರ ನಾಟಿಕಲ್ ಮೈಲಿ ಹುಟ್ಟಿದ್ದೇ ಈ ಒಂದು ನಿಮಿಷದಿಂದ.

ದಶಮಾಂಶದಲ್ಲಿ ಚುಕ್ಕೆಯ ನಂತರ ನಾಲ್ಕನೇ ಅಂಕಿ 11 ಮೀಟರ್, ಹೆಚ್ಚು ಕಡಿಮೆ ಒಂದು ಸರಪಳಿ. ಐದನೇ ಅಂಕಿ ಒಂದು ಮೀಟರ್ ಚಿಲ್ಲರೆ. ಹೊಲ ತೋರಿಸಲು ನಾಲ್ಕು ಸಾಕು. ಫೋನ್ ಏಳೆಂಟು ಅಂಕಿ ತೋರಿಸಿದರೆ ಅಷ್ಟು ನಿಖರ ಅಂತ ತಿಳಿಯಬೇಡಿ. ಬಯಲಿನಲ್ಲೂ ನಾಲ್ಕೈದು ಮೀಟರ್ ಆಚೀಚೆ ಇರುತ್ತದೆ. ಫೋನ್ ಹಿಡಿದುಕೊಂಡು ಪಕ್ಕದ ಹೊಲದವರ ಜೊತೆ ಹದ್ದಿನ ಜಗಳಕ್ಕೆ ಹೋದವರನ್ನು ನೋಡಿದ್ದೇನೆ. ಅದು ಬೇಡ. ಹದ್ದುಬಸ್ತಿಗೆ ಅರ್ಜಿ ಕೊಟ್ಟು ಅಳತೆ ಮಾಡಿಸಿ. ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೇವೆ ಅಂತ ತಿಳಿಯಲು ದಿಶಾಂಕ್ ಆ್ಯಪ್ ಚೆನ್ನಾಗಿದೆ. ಆದರೆ ಕಲ್ಲು ನೆಡಲು ಅದು ಆಧಾರ ಆಗುವುದಿಲ್ಲ.

ಕಂಪ್ಲಿ ಕಬ್ಬು
ಸರ್, ಹಾಗಾದರೆ ರೇಖಾಂಶದ ಒಂದು ಸೆಕೆಂಡ್ ಕೂಡ 31 ಮೀಟರೇ ಅಲ್ವಾ?

ಭೂಗೋಳ ಮಾಸ್ತರ್, ಕೊಪ್ಪಳ
ಅಲ್ಲ. ಅಕ್ಷಾಂಶದ ಗೆರೆಗಳು ಒಂದಕ್ಕೊಂದು ಸಮಾನಾಂತರ, ನಡುವಿನ ದೂರ ಹೆಚ್ಚು ಕಡಿಮೆ ಒಂದೇ. ರೇಖಾಂಶದ ಗೆರೆಗಳು ಹಾಗಲ್ಲ. ಸುಲಿದ ಕಿತ್ತಳೆ ಹಣ್ಣು ನೋಡಿ. ತೊಳೆಗಳು ನಡುವೆ ಅಗಲ, ತುದಿಯಲ್ಲಿ ಕೂಡಿಕೊಳ್ಳುತ್ತವೆ. ಸಮಭಾಜಕದಲ್ಲಿ ರೇಖಾಂಶದ ಒಂದು ಡಿಗ್ರಿ 111 ಕಿಲೋಮೀಟರ್. ನಮ್ಮ 15 ಡಿಗ್ರಿಗೆ ಬರುವಾಗ ಸುಮಾರು 107.5. 60 ಡಿಗ್ರಿಯಲ್ಲಿ ಅರ್ಧಕ್ಕರ್ಧ. ಧ್ರುವದಲ್ಲಿ ಸೊನ್ನೆ.

ನಮ್ಮೂರುಗಳನ್ನೇ ಹಿಡಿದು ಕಲಿಯಬಹುದು. ಸಿರುಗುಪ್ಪ, ಬಳ್ಳಾರಿ ಎರಡೂ 76.9 ರೇಖಾಂಶದ ಮೇಲೆ. ಅಂದರೆ ಬಳ್ಳಾರಿಯಿಂದ ಸಿರುಗುಪ್ಪ ನೆಟ್ಟಗೆ ಉತ್ತರಕ್ಕೆ. ಇನ್ನು ಮಸ್ಕಿ, ಮಾನ್ವಿ, ಮಂತ್ರಾಲಯ ಮೂರೂ 15.94ರಿಂದ 15.99ರ ಒಳಗೆ. ಮೂರು 'ಮ' ಒಂದೇ ಅಕ್ಷಾಂಶದ ಪಟ್ಟಿಯಲ್ಲಿ! ಅಶೋಕನ ಹೆಸರು ಕೆತ್ತಿದ ಮಸ್ಕಿಯ ಬಂಡೆಯಿಂದ ಹೊರಟು ಸೂರ್ಯ ಹುಟ್ಟುವ ಕಡೆ ನೆಟ್ಟಗೆ ನಡೆದರೆ ಮಾನ್ವಿ ಸಿಗುತ್ತದೆ, ಇನ್ನೂ 40 ಕಿಲೋಮೀಟರ್ ನಡೆದರೆ ರಾಯರ ಮಠ. ಮಕ್ಕಳಿಗೆ ಇದನ್ನು ಹೇಳಿದ ದಿನ ಅಕ್ಷಾಂಶ ಅನ್ನೋ ಪದದ ಭಯ ಹೋಯಿತು.

ಸಿರುಗುಪ್ಪ ಹುಡುಗ
ಸರ್, ಸೂರ್ಯ ಹುಟ್ಟುವ ಕಡೆ ಅಂದರೆ ಈ ತಿಂಗಳಲ್ಲಿ ಆಗ್ನೇಯಕ್ಕೆ ಹೋಗಿಬಿಡುತ್ತೇವೆ. ನೆಟ್ಟಗೆ ಪೂರ್ವದಲ್ಲಿ ಹುಟ್ಟುವುದು ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಮಾತ್ರ.

ಭೂಗೋಳ ಮಾಸ್ತರ್, ಕೊಪ್ಪಳ
ಸರಿಯಾಗಿ ಹಿಡಿದೆ ತಮ್ಮ. ಪೂರ್ವಕ್ಕೆ ಅಂತ ಓದಿಕೊಳ್ಳಿ ಎಲ್ಲರೂ.

ರಾಯಚೂರು ಕೋಟೆ
ಒಂದೇ ಅಕ್ಷಾಂಶ ಅಂದರೆ ಒಂದೇ ಹವೆ ಅಲ್ವಾ? ಕೊಪ್ಪಳದ ಅಕ್ಷಾಂಶದಲ್ಲಿ ಬೇರೆ ಯಾವ ಊರಿದೆ?

ಲಿಂಗಸುಗೂರಿನವಳು, ಈಗ ಬೆಂಗಳೂರು
ಯೆಮೆನ್ ದೇಶದ ರಾಜಧಾನಿ ಸನಾ. ಎರಡೂ 15.35. ಆದರೆ ಹವೆ ಒಂದೇ ಅಲ್ಲ ಅಣ್ಣ. ಸನಾ ಇರುವುದು 2200 ಮೀಟರಿಗಿಂತ ಎತ್ತರದಲ್ಲಿ, ತಂಪು. ಸೂರ್ಯ ಎಷ್ಟು ಎತ್ತರಕ್ಕೆ ಬರುತ್ತಾನೆ ಅನ್ನುವುದು ಒಂದೇ, ಉಳಿದದ್ದು ಎತ್ತರ, ಸಮುದ್ರ, ಗಾಳಿ ನೋಡಿಕೊಂಡು ಬದಲಾಗುತ್ತದೆ.

ಭೂಗೋಳ ಮಾಸ್ತರ್, ಕೊಪ್ಪಳ
ಬೆಳಿಗ್ಗೆ ಹೇಳಿದ ಗಡಿಯಾರದ ವಿಷಯ. ಭೂಮಿ 24 ಗಂಟೆಯಲ್ಲಿ 360 ಡಿಗ್ರಿ ಸುತ್ತುತ್ತದೆ. ಅಂದರೆ ಒಂದು ಡಿಗ್ರಿಗೆ ನಾಲ್ಕು ನಿಮಿಷ. ನಮ್ಮ ದೇಶದ ಗಡಿಯಾರ ನಿಂತಿರುವುದು 82.5 ಡಿಗ್ರಿ ರೇಖಾಂಶಕ್ಕೆ, ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದು ಹೋಗುವ ಗೆರೆ ಅದು. ಬಳ್ಳಾರಿ ಅದಕ್ಕಿಂತ ಐದೂವರೆ ಡಿಗ್ರಿ ಪಶ್ಚಿಮಕ್ಕಿದೆ. ಹಾಗಾಗಿ ನಮ್ಮಲ್ಲಿ ಸೂರ್ಯ ನೆತ್ತಿಗೆ ಬರುವುದು ಸುಮಾರು 22 ನಿಮಿಷ ತಡ. ಕೊಪ್ಪಳದಲ್ಲಿ ಇನ್ನೂ ಮೂರು ನಿಮಿಷ ತಡ.

ಹಿಂದೆ ಸಮುದ್ರದಲ್ಲಿ ಇದೇ ದೊಡ್ಡ ಕಷ್ಟ. ಅಕ್ಷಾಂಶಕ್ಕೆ ಸೂರ್ಯ ಅಥವಾ ಧ್ರುವ ನಕ್ಷತ್ರದ ಎತ್ತರ ನೋಡಿದರೆ ಸಾಕಿತ್ತು. ರೇಖಾಂಶಕ್ಕೆ ಹೊರಟ ಊರಿನ ಸಮಯ ಗೊತ್ತಿರಬೇಕು. ಅಲುಗಾಡುವ ಹಡಗಿನಲ್ಲಿ ಸರಿಯಾಗಿ ನಡೆಯುವ ಗಡಿಯಾರ ಯಾರ ಹತ್ತಿರವೂ ಇರಲಿಲ್ಲ. ಗಡಿಯಾರ ಒಂದೇ ನಿಮಿಷ ತಪ್ಪಿದರೆ ಸಮಭಾಜಕದ ಹತ್ತಿರ ಹಡಗು 28 ಕಿಲೋಮೀಟರ್ ತಪ್ಪುತ್ತದೆ. 1714ರಲ್ಲಿ ಬ್ರಿಟಿಷ್ ಸಂಸತ್ತು 20,000 ಪೌಂಡ್ ತನಕ ಬಹುಮಾನ ಇಟ್ಟಿತು. ಜಾನ್ ಹ್ಯಾರಿಸನ್ ಅನ್ನುವ ಬಡಗಿ ಜೀವನ ಪೂರ್ತಿ ಗಡಿಯಾರ ಮಾಡುತ್ತಾ ಕೂತ. ಅವನ ನಾಲ್ಕನೇ ಗಡಿಯಾರ 1761ರಲ್ಲಿ ಜಮೈಕಾಕ್ಕೆ ಹೊರಟ ಹಡಗಿನಲ್ಲಿ ಪರೀಕ್ಷೆಗೆ ಹೋಗಿ ಗೆದ್ದು ಬಂತು.

ಸಿಂಧನೂರು ವಿದ್ಯಾರ್ಥಿ
ಸರ್, ನಾನು ಇವತ್ತು ಮಾಡಿ ನೋಡಿದೆ. ಮಾಳಿಗೆ ಮೇಲೆ ಕೋಲು ನೆಟ್ಟು ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಸುಣ್ಣದ ಗುರುತು ಹಾಕಿದೆ. ನೆರಳು ಎಲ್ಲಕ್ಕಿಂತ ಗಿಡ್ಡ ಆದದ್ದು ಹೆಚ್ಚು ಕಡಿಮೆ 12:07ಕ್ಕೆ. ನೀವು ಹೇಳಿದ ಹಾಗೆ ಏಳು ನಿಮಿಷ ಅಂದರೆ 1.75 ಡಿಗ್ರಿ. 82.5ರಲ್ಲಿ ಕಳೆದರೆ 80.75. ನಕ್ಷೆಯಲ್ಲಿ ನೋಡಿದರೆ ಅದು ಆಂಧ್ರದ ಕಡಲ ದಂಡೆಯ ಹತ್ತಿರ. ನಾನಿರುವುದು ಸಿಂಧನೂರಿನಲ್ಲಿ. ಎಲ್ಲಿ ತಪ್ಪಿತು?

ಭೂಗೋಳ ಮಾಸ್ತರ್, ಕೊಪ್ಪಳ
ನೀನು ತಪ್ಪಿಲ್ಲ ಮಗಾ, ನಾನು ಹೇಳುವುದು ಬಿಟ್ಟೆ. ಸೂರ್ಯ ವರ್ಷ ಪೂರ್ತಿ ಗಡಿಯಾರದ ಹಾಗೆ ಸಮನಾಗಿ ನಡೆಯುವುದಿಲ್ಲ. ಭೂಮಿಯ ದಾರಿ ಪೂರ್ತಿ ದುಂಡಗಿಲ್ಲ, ಅಕ್ಷವೂ ವಾಲಿದೆ. ಹಾಗಾಗಿ ಈಗ, ನವೆಂಬರ್ ಮೊದಲ ವಾರಗಳಲ್ಲಿ, ಸೂರ್ಯ ಗಡಿಯಾರಕ್ಕಿಂತ ಸುಮಾರು 16 ನಿಮಿಷ ಮುಂದೆ ಇರುತ್ತಾನೆ, ಫೆಬ್ರವರಿ ನಡುವಿನಲ್ಲಿ 14 ನಿಮಿಷ ಹಿಂದೆ. ನಿನ್ನ 7ಕ್ಕೆ 16 ಕೂಡಿಸು. 23 ನಿಮಿಷ, ಅಂದರೆ 5.75 ಡಿಗ್ರಿ. 82.5ರಲ್ಲಿ ಕಳೆ.

ಸಿಂಧನೂರು ವಿದ್ಯಾರ್ಥಿ
76.75!! ಫೋನಿನಲ್ಲಿ 76.76 ಇದೆ ಸರ್!

ಟೇಲೆಂಡ್ ರೈತ, ಮಾನ್ವಿ
ತಮ್ಮ, ಬರೀ ಕೋಲು, ಸುಣ್ಣ ಹಿಡಿದು ಇಷ್ಟು ಹತ್ತಿರ ಬಂದೆಯಾ? ಮಗಳಿಗೆ ಓದಿ ಹೇಳಿದೆ. ಭಾನುವಾರ ತಾನೂ ಮಾಡುತ್ತಾಳಂತೆ.

ನಿವೃತ್ತ ಸರ್ವೇಯರ್, ಬಳ್ಳಾರಿ
ಶಭಾಷ್. ಐದು ನಿಮಿಷಕ್ಕೊಮ್ಮೆ ಗುರುತು ಹಾಕಿ ಇಷ್ಟು ಹತ್ತಿರ ಬಂದದ್ದರಲ್ಲಿ ಅದೃಷ್ಟವೂ ಇದೆ, ಅದು ನೆನಪಿರಲಿ. ನಡು ಹಗಲಿಗೆ ನೆರಳು ಬಹಳ ನಿಧಾನ ಬದಲಾಗುತ್ತದೆ. ಹನ್ನೊಂದಕ್ಕೆ ಒಂದು ಗುರುತು ಹಾಕು, ಕೋಲಿನ ಬುಡದಿಂದ ಅಷ್ಟೇ ಉದ್ದದ ವೃತ್ತ ಎಳೆ. ಮಧ್ಯಾಹ್ನ ನೆರಳು ಮತ್ತೆ ಆ ವೃತ್ತವನ್ನು ಮುಟ್ಟಿದ ಸಮಯ ಬರೆದುಕೋ. ಎರಡೂ ಸಮಯದ ಸರಿ ಮಧ್ಯದ ಹೊತ್ತೇ ನಿಜವಾದ ನಡು ಹಗಲು. ಎರಡು ಗುರುತು ಸೇರಿಸಿ ಗೆರೆ ಎಳೆದರೆ ಪೂರ್ವ ಪಶ್ಚಿಮವೂ ಸಿಗುತ್ತದೆ. ಗುಡಿ ಕಟ್ಟುವವರು ಹಿಂದಿನಿಂದ ದಿಕ್ಕು ಹಿಡಿದದ್ದು ಹೀಗೇ.

ರಾತ್ರಿ ಧ್ರುವ ನಕ್ಷತ್ರವನ್ನೂ ನೋಡು. ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿ ಸುಮಾರು ಹತ್ತು ಡಿಗ್ರಿ. ನಮ್ಮಲ್ಲಿ ಅದು ಬಾನಂಚಿನಿಂದ ಒಂದೂವರೆ ಮುಷ್ಟಿ ಮೇಲೆ ಇರುತ್ತದೆ. ಅದೇ ನಮ್ಮ ಅಕ್ಷಾಂಶ.

ಡ್ರೋನ್ ಅಕ್ಕ, ಗಂಗಾವತಿ
ನೆರಳೇ ಬೀಳದ ದಿನ ಕೂಡ ಬರುತ್ತದಲ್ಲ ಸರ್? ಹೋದ ವರ್ಷ ನಮ್ಮ ಓಣಿ ಮಕ್ಕಳು ಸ್ಟೀಲ್ ಲೋಟ ಇಟ್ಟು ನೋಡುತ್ತಿದ್ದರು.

ಭೂಗೋಳ ಮಾಸ್ತರ್, ಕೊಪ್ಪಳ
ಹೌದಮ್ಮ, ಶೂನ್ಯ ನೆರಳಿನ ದಿನ. ಬಳ್ಳಾರಿ, ಕೊಪ್ಪಳಕ್ಕೆ ಮೇ 1, 2ರ ಆಸುಪಾಸು. ರಾಯಚೂರು ಒಂದು ಡಿಗ್ರಿ ಉತ್ತರಕ್ಕಿದೆ, ಅಲ್ಲಿ ಮೇ 5ರ ಹೊತ್ತಿಗೆ. ಆಗಸ್ಟ್‌ನಲ್ಲಿ ಮತ್ತೊಮ್ಮೆ ಬರುತ್ತದೆ, ಆದರೆ ಮೋಡ ಬಿಡಬೇಕು.

ರಾಯಚೂರು ಕೋಟೆ
ನನ್ನದೊಂದು ಬಹಳ ದಿನದ ಪ್ರಶ್ನೆ. ನಮ್ಮ ಮನೆಯಲ್ಲಿ ನಮಾಜಿಗೆ ಕಿಬ್ಲಾ, ಅಂದರೆ ಮೆಕ್ಕಾದ ದಿಕ್ಕು, ಅಜ್ಜನ ಕಾಲದಿಂದ ಪಶ್ಚಿಮಕ್ಕೆ ಸ್ವಲ್ಪ ಬಲಕ್ಕೆ. ಹೊಸ ಮನೆ ಕಟ್ಟುವಾಗ ಆ್ಯಪ್‌ನಲ್ಲಿ ನೋಡಿದೆ, ಪಶ್ಚಿಮದಿಂದ ಉತ್ತರಕ್ಕೆ 14 ಡಿಗ್ರಿ ತೋರಿಸಿತು. ತಮ್ಮ ಗೋಡೆ ನಕ್ಷೆ ತೆಗೆದು ರಾಯಚೂರಿಂದ ಮೆಕ್ಕಾಕ್ಕೆ ಸ್ಕೇಲ್ ಇಟ್ಟು ಗೆರೆ ಎಳೆದ. ಅದರಲ್ಲಿ 8 ಡಿಗ್ರಿ ಬಂತು. ಯಾವುದು ಸರಿ? ಮನೆಯಲ್ಲಿ ಇಬ್ಬರಿಗೂ ಒಂದು ವಾರ ಮಾತಿಲ್ಲ.

ಲಿಂಗಸುಗೂರಿನವಳು, ಈಗ ಬೆಂಗಳೂರು
ಅಣ್ಣ, ಎಂಥ ಒಳ್ಳೆ ಪ್ರಶ್ನೆ! ಇಬ್ಬರದೂ ಲೆಕ್ಕ ಸರಿ, ಆದರೆ ಎರಡು ಬೇರೆ ಬೇರೆ ಗೆರೆ.

ಭೂಮಿ ಚೆಂಡು. ಕಾಗದ ಚಪ್ಪಟೆ. ಕಿತ್ತಳೆ ಸಿಪ್ಪೆಯನ್ನು ಹರಿಯದೆ ಚಪ್ಪಟೆ ಮಾಡಲು ಆಗುವುದಿಲ್ಲ. ಎಲ್ಲೋ ಎಳೆಯಬೇಕು, ಇಲ್ಲ ಹರಿಯಬೇಕು. ಚೆಂಡನ್ನು ಕಾಗದಕ್ಕೆ ಇಳಿಸುವ ಪದ್ಧತಿಗೆ ಪ್ರಕ್ಷೇಪ ಅನ್ನುತ್ತಾರೆ. ನಿಮ್ಮ ಗೋಡೆ ನಕ್ಷೆ ಮರ್ಕೇಟರ್ ಪ್ರಕ್ಷೇಪ ಇರಬೇಕು, 1569ರಲ್ಲಿ ಬಂದದ್ದು. ನಾವಿಕರಿಗಾಗಿ ಮಾಡಿದ್ದು. ಅದರಲ್ಲಿ ನೇರ ಗೆರೆ ಎಳೆದರೆ ದಿಕ್ಸೂಚಿಯ ಮುಳ್ಳಿಗೆ ಒಂದೇ ಕೋನ ಹಿಡಿದು ಹೋಗಬಹುದು. ತಮ್ಮ ಎಳೆದ 8 ಡಿಗ್ರಿ ಅದು. ಆ ದಾರಿ ಮೆಕ್ಕಾ ಮುಟ್ಟುತ್ತದೆ, ಆದರೆ ಅತಿ ಹತ್ತಿರದ ದಾರಿ ಅಲ್ಲ.

ಒಂದು ಗೋಳ ತೆಗೆದುಕೊಂಡು ರಾಯಚೂರಿಂದ ಮೆಕ್ಕಾಕ್ಕೆ ದಾರ ಬಿಗಿಯಾಗಿ ಹಿಡಿಯಿರಿ. ಆ ದಾರ ರಾಯಚೂರಿನಿಂದ ಹೊರಡುವಾಗ ಪಶ್ಚಿಮಕ್ಕಿಂತ ಉತ್ತರಕ್ಕೆ 14 ಡಿಗ್ರಿ ಇರುತ್ತದೆ. ಆ್ಯಪ್ ತೋರಿಸಿದ್ದು ಇದನ್ನು. ಚೆಂಡಿನ ಮೇಲೆ ಎದುರಾಗಿ ನಿಲ್ಲುವುದು ಅಂದರೆ ಇದು.

ರಾಯಚೂರು ಕೋಟೆ
ಗೋಳ ಇಲ್ಲ, ಫುಟ್‌ಬಾಲ್ ಮೇಲೆ ಪೆನ್ನಿನಲ್ಲಿ ಗುರುತು ಹಾಕಿ ದಾರ ಹಿಡಿದೆವು. ತಮ್ಮನೇ ಹಿಡಿದ. ಒಪ್ಪಿದ. ಬಹಳ ಉಪಕಾರ ಆಯಿತು ಅಮ್ಮ.

ಕಂಪ್ಲಿ ಕಬ್ಬು
ಹಾಗಾದರೆ ಶಾಲೆಯ ಗೋಡೆಗೆ ಸುಳ್ಳು ನಕ್ಷೆ ಹಾಕಿದ್ದಾರಾ? ಗ್ರೀನ್‌ಲ್ಯಾಂಡ್ ನಮ್ಮ ದೇಶದ ಎಷ್ಟೋ ಪಟ್ಟು ಕಾಣುತ್ತದೆ.

ಲಿಂಗಸುಗೂರಿನವಳು, ಈಗ ಬೆಂಗಳೂರು
ಸುಳ್ಳು ಅನ್ನಬೇಡಿ. ಕೋನ ಉಳಿಸಲು ಹೋಗಿ ವಿಸ್ತೀರ್ಣ ಬಿಟ್ಟಿದೆ. ಧ್ರುವದ ಕಡೆ ಹೋದ ಹಾಗೆ ಎಲ್ಲ ಹಿಗ್ಗುತ್ತದೆ. ನಿಜವಾಗಿ ಗ್ರೀನ್‌ಲ್ಯಾಂಡ್ ಸುಮಾರು 21.7 ಲಕ್ಷ ಚದರ ಕಿಲೋಮೀಟರ್, ಭಾರತ ಸುಮಾರು 32.9 ಲಕ್ಷ. ಆಫ್ರಿಕಾ ಗ್ರೀನ್‌ಲ್ಯಾಂಡಿನ ಹದಿನಾಲ್ಕು ಪಟ್ಟು. ವಿಸ್ತೀರ್ಣ ಉಳಿಸುವ ನಕ್ಷೆಗಳೂ ಇವೆ, ಅವುಗಳಲ್ಲಿ ಆಕಾರ ಕೆಡುತ್ತದೆ. ನಾನು ಶಾಲೆಗೆ ಕೇಳುವುದು ಒಂದೇ, ನಕ್ಷೆಯ ಪಕ್ಕದಲ್ಲಿ ಒಂದು ಗೋಳ ಇಡಲಿ. ನನ್ನ ಶಾಲೆಯಲ್ಲಿ ಗೋಳ ಇತ್ತು, ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದರು. ಹತ್ತನೇ ಕ್ಲಾಸ್ ಮುಗಿಯುವ ತನಕ ಮುಟ್ಟಲಿಲ್ಲ.

ಸಂಡೂರು ಲಾರಿ
ಇದಕ್ಕೇ ಏನು ಅಮೆರಿಕಾ ವಿಮಾನ ಉತ್ತರ ಧ್ರುವದ ಮೇಲೆ ಹೋಗುವುದು? ಟಿವಿಯಲ್ಲಿ ನೋಡಿದ್ದೆ.

ಲಿಂಗಸುಗೂರಿನವಳು, ಈಗ ಬೆಂಗಳೂರು
ಅದೇ ಅಣ್ಣ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಧ್ರುವದ ದಾರಿಯಲ್ಲೇ ಬಂದರು. ಗೋಡೆ ನಕ್ಷೆಯಲ್ಲಿ ಅದು ಸುತ್ತು ದಾರಿ, ಗೋಳದ ಮೇಲೆ ಹತ್ತಿರದ ದಾರಿ.

ಕಾರಟಗಿ ಪಂಚಾಂಗ
ಎಲ್ಲ ಇಂಗ್ಲಿಷರದೇ ಕಥೆ ಆಯಿತು. ರೇಖಾಂಶ ನಮ್ಮವರಿಗೂ ಗೊತ್ತಿತ್ತು. ಸೂರ್ಯ ಸಿದ್ಧಾಂತದಲ್ಲಿ ಸೊನ್ನೆ ಗೆರೆ ಲಂಕೆ, ಅವಂತಿ, ಕುರುಕ್ಷೇತ್ರದ ಮೇಲೆ. ಅವಂತಿ ಅಂದರೆ ಉಜ್ಜಯಿನಿ. ಅಲ್ಲಿಂದ ಊರು ಎಷ್ಟು ಪೂರ್ವ, ಎಷ್ಟು ಪಶ್ಚಿಮ ನೋಡಿ ದೇಶಾಂತರ ಸಂಸ್ಕಾರ ಮಾಡುತ್ತಾರೆ. ನಮ್ಮ ತಂದೆ ಪಂಚಾಂಗ ನೋಡುವಾಗ ಈಗಲೂ ಊರಿನ ಸೂರ್ಯೋದಯಕ್ಕೆ ತಿದ್ದಿಕೊಳ್ಳುತ್ತಾರೆ.

ಭೂಗೋಳ ಮಾಸ್ತರ್, ಕೊಪ್ಪಳ
ಒಪ್ಪಿದೆ. ಉಜ್ಜಯಿನಿಯ ರೇಖಾಂಶ 75.8, ಕೊಪ್ಪಳ 76.15. ಆ ಗೆರೆ ಕೊಪ್ಪಳದ ಪಶ್ಚಿಮಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲೇ ಹಾದು ಹೋಗುತ್ತದೆ. ಸೊನ್ನೆ ಎಲ್ಲಿಡಬೇಕು ಅನ್ನುವುದು ಮನುಷ್ಯರು ಮಾಡಿಕೊಂಡ ಒಪ್ಪಂದ. ಗ್ರೀನಿಚ್ ಅಂತ ಆದದ್ದು 1884ರಲ್ಲಿ, ವಾಷಿಂಗ್ಟನ್ ಸಭೆಯಲ್ಲಿ. ಅಕ್ಷಾಂಶದ ಸೊನ್ನೆ ಹಾಗಲ್ಲ, ಅದನ್ನು ಭೂಮಿಯೇ ಸುತ್ತಿ ತೋರಿಸುತ್ತದೆ.

ನಿವೃತ್ತ ಸರ್ವೇಯರ್, ಬಳ್ಳಾರಿ
ನಮ್ಮ ಸೀಮೆಯಲ್ಲೇ ಇದರ ಚರಿತ್ರೆ ಇದೆ. 1799ರಲ್ಲಿ ಕಾಲಿನ್ ಮೆಕೆಂಜಿ ಹಂಪಿಯ ನಕ್ಷೆ ಮಾಡಿಸಿದ. ಮುಂದೆ 1815ರಲ್ಲಿ ಅವನೇ ಭಾರತದ ಮೊದಲ ಸರ್ವೇಯರ್ ಜನರಲ್ ಆದ. ಇನ್ನೊಬ್ಬ ವಿಲಿಯಂ ಲ್ಯಾಂಬ್ಟನ್. 1802ರಲ್ಲಿ ಮದ್ರಾಸಿನ ಹತ್ತಿರ ಶುರು ಮಾಡಿ ತ್ರಿಕೋನದ ಮೇಲೆ ತ್ರಿಕೋನ ಕಟ್ಟುತ್ತಾ ಬಂದ. 1811ರಲ್ಲಿ ಗುತ್ತಿಯ ಹತ್ತಿರ ಸರಪಳಿ ಹಾಕಿ ಆಧಾರ ರೇಖೆ ಅಳೆದ. ಗುತ್ತಿ ಬಳ್ಳಾರಿಯ ಅಕ್ಷಾಂಶದಲ್ಲೇ ಇದೆ, ನೆಟ್ಟಗೆ ಪೂರ್ವಕ್ಕೆ ಸುಮಾರು 76 ಕಿಲೋಮೀಟರ್. ಕೋನ ಅಳೆಯುವ ಅರ್ಧ ಟನ್ ತೂಕದ ಯಂತ್ರ, ಥಿಯೋಡಲೈಟನ್ನು ಬೆಟ್ಟಗಳ ಮೇಲೆ ಹೊತ್ತವರು ನಮ್ಮ ಕಡೆಯ ಕೂಲಿಗಳೂ ಇರಬೇಕು. ಅವರ ಹೆಸರು ಯಾವ ನಕ್ಷೆಯಲ್ಲೂ ಇಲ್ಲ. ಈ ಮಾತು ಹೇಳದೆ ನಾನು ಲ್ಯಾಂಬ್ಟನ್ ಹೆಸರು ತೆಗೆಯುವುದಿಲ್ಲ.

ಆ ಅಳತೆಯಿಂದ ಬಂದದ್ದೇ ಎವರೆಸ್ಟ್ ಗೋಳ ಅನ್ನುವ, ಭೂಮಿಯ ಆಕಾರದ ಲೆಕ್ಕ. ನಮ್ಮ ಹಳೇ ಟೋಪೋಶೀಟ್, ಅಂದರೆ ಸರ್ವೆಯ ನಕ್ಷೆ ಹಾಳೆ, ಎಲ್ಲ ಅದರ ಮೇಲೆ. ಜಿಪಿಎಸ್ ಬಳಸುವುದು ಡಬ್ಲ್ಯೂಜಿಎಸ್ 84 ಅನ್ನುವ ಬೇರೆ ಲೆಕ್ಕ. ಹಾಗಾಗಿ ಹಳೇ ಶೀಟಿನ ಅಂಕಿಯನ್ನು ಫೋನಿಗೆ ಹಾಕಿದರೆ ನೂರಾರು ಅಡಿ ಸರಿಯುತ್ತದೆ. ಒಮ್ಮೆ ಹಳೇ ಶೀಟ್ ನೋಡಿ ಬಾವಿ ಹುಡುಕಲು ಹೋಗಿ ಪಕ್ಕದ ಜೋಳದ ಹೊಲದಲ್ಲಿ ಅರ್ಧ ದಿನ ಅಲೆದೆವು.

ಶೀಟಿನ ನಂಬರ್ ಕೂಡ ಅಕ್ಷಾಂಶ, ರೇಖಾಂಶದಿಂದಲೇ ಬರುವುದು. ಬಳ್ಳಾರಿ 57ಎ/16, ಹಂಪಿ 57ಎ/7. ರಾಯಚೂರು 56ಎಚ್/8. 57 ಮುಗಿದು 56 ಶುರುವಾಗುವುದು 16 ಡಿಗ್ರಿ ಗೆರೆಯಲ್ಲಿ. ಆ ಗೆರೆ ಮಾನ್ವಿಯ ಉತ್ತರಕ್ಕೇ ಹಾದು ಹೋಗುತ್ತದೆ.

ಸಿಂಧನೂರು ವಿದ್ಯಾರ್ಥಿ
ತಾಳಿ ಸರ್. 77 ಡಿಗ್ರಿ ರೇಖಾಂಶವೂ ಮಾನ್ವಿಯ ಹತ್ತಿರವೇ ಇದೆ. ಮಾನ್ವಿ 77.05. ಹಾಗಾದರೆ 16 ಮತ್ತು 77 ಕೂಡುವ ಜಾಗ?

ನಿವೃತ್ತ ಸರ್ವೇಯರ್, ಬಳ್ಳಾರಿ
ಮಾನ್ವಿಯಿಂದ ವಾಯವ್ಯಕ್ಕೆ ಐದಾರು ಕಿಲೋಮೀಟರ್. ಪೂರ್ಣ ಡಿಗ್ರಿ ಎರಡೂ ಕೂಡುವ ಜಾಗ. ನಾಲ್ಕು ಟೋಪೋಶೀಟಿನ ಮೂಲೆ ಅಲ್ಲಿ ಸೇರುತ್ತದೆ.

ಟೇಲೆಂಡ್ ರೈತ, ಮಾನ್ವಿ
ನಲವತ್ತು ವರ್ಷ ಇಲ್ಲೇ ಇದ್ದೇನೆ, ಒಬ್ಬರೂ ಹೇಳಲಿಲ್ಲ.

ಅಂದ ಹಾಗೆ ನಿಮ್ಮೆಲ್ಲರ ಮಾತು ಓದಿ ನಿನ್ನೆ ಒಂದು ಕೆಲಸ ಮಾಡಿದೆವು. ಮಗಳು ತಾನೇ ಕೂತು ಭಾಗಾಕಾರ ಮಾಡಿದಳು. ಪಂಪ್‌ಸೆಟ್ ಮನೆಯ ಗೋಡೆಗೆ ಬಿಳಿ ಬಣ್ಣ ಬಳಿದು, ನೀಲಿಯಲ್ಲಿ ದೊಡ್ಡದಾಗಿ 15.9444, 77.1083 ಅಂತ ಬರೆದಳು. ಕೆಳಗೆ "ದಶಮಾಂಶ" ಅಂತಲೂ ಬರೆದಳು. ಪಕ್ಕದ ಹೊಲದವರು ನೋಡಿ ತಮ್ಮದೂ ಬರೆದುಕೊಡು ಅಂದಿದ್ದಾರೆ. ಅವರ ನೆಲ್ಲು ಇನ್ನೂ ನಿಂತಿದೆ, ಮಷೀನ್ ನಾಡಿದ್ದು ಬರಬೇಕು.

ಡ್ರೋನ್ ಅಕ್ಕ, ಗಂಗಾವತಿ
ಮಗಳಿಗೆ ನನ್ನ ಶಭಾಷ್ ಹೇಳಿ ಅಣ್ಣ. ಪಕ್ಕದ ಹೊಲದ ನಂಬರ್ ತೆಗೆಯುವಾಗ ಲಾರಿ ಇಳಿಯುವ ಜಾಗದ್ದು ತೆಗೆಯಿರಿ, ಹೊಲದ ನಡುವಿನದ್ದಲ್ಲ. ಇಲ್ಲದಿದ್ದರೆ ಕಾಲುವೆಯ ಆ ದಂಡೆಗೆ ಬಂದು ನಿಲ್ಲುತ್ತಾರೆ. ದಾಟಲು ಸೇತುವೆ ಎಲ್ಲಿದೆಯೋ.

ಟೇಲೆಂಡ್ ರೈತ, ಮಾನ್ವಿ
ಅದು ಹೊಳೆದೇ ಇರಲಿಲ್ಲ ಅಕ್ಕ. ತೂಬಿನ ಹತ್ತಿರದ್ದು ತೆಗೆದುಕೊಡುತ್ತೇನೆ.

ಸಂಡೂರು ಲಾರಿ
ಸರ್ವೇಯರ್ ಸರ್, ಇಳಿದು ಇಪ್ಪತ್ತು ಹೆಜ್ಜೆ ಹೋಗಿ ನೋಡಿದೆ. ಮುಳ್ಳು ನೆಟ್ಟಗೆ ಉತ್ತರಕ್ಕೆ ನಿಂತಿತು. ಕ್ಯಾಬಿನ್‌ಗೆ ಬಂದರೆ ಮತ್ತೆ ವಾಲುತ್ತದೆ.

ಸಿಂಧನೂರು ವಿದ್ಯಾರ್ಥಿ
ಮಾನ್ವಿ ಅಣ್ಣ, ಭಾನುವಾರ ಆ 16, 77ರ ಜಾಗಕ್ಕೆ ಹೋಗೋಣವಾ? ನಾನು ಮೊದಲ ಬಸ್ಸಿಗೆ ಬರುತ್ತೇನೆ.

ಟೇಲೆಂಡ್ ರೈತ, ಮಾನ್ವಿ
ಬಾ ತಮ್ಮ. ಏಳೂವರೆಗೆ ಬಸ್ ಸ್ಟ್ಯಾಂಡ್ ಮುಂದೆ ಮಗಳೂ ನಾನೂ ನಿಂತಿರುತ್ತೇವೆ. ಯಾರದೋ ಹೊಲ ಇರುತ್ತದೆ, ಕೇಳಿಯೇ ಒಳಗೆ ಹೋಗೋಣ. ಒಡ್ಡು ಇನ್ನೂ ಹಸಿ ಇದೆ, ಶೂ ಹಾಕಿಕೊಂಡು ಬರಬೇಡ.